ಹಕ್‌ನಜರ್ ಉಸ್ತೊ ಕೌದಿ ಸಾಗಿಸಿದ ಬೇಸಿಗೆ

ಹಕ್‌ನಜರ್ ಉಸ್ತೊ ನಮ್ಮ ಪಕ್ಕದ ಮನೆಯವರು. ಕಸುಬಿನಲ್ಲಿ ಪಳಗಿದವರನ್ನು ನಮ್ಮಲ್ಲಿ ಉಸ್ತೊ ಅನ್ನುತ್ತಾರೆ. ನಡುವೆ ಒಂದು ಮಣ್ಣಿನ ಗೋಡೆ, ಅದೂ ನನ್ನ ಎದೆಮಟ್ಟ. ನಾನು ಸೊಸೆಯಾಗಿ ದಹನಿಯೊಬ್‌ಗೆ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಆಗಲೇ ಊರವರು ಹೊಳೆಯ ವಿಷಯ ಬಂದರೆ ಅವರ ಮುಖ ನೋಡುತ್ತಿದ್ದರು.

ಝರಫ್ಶಾನ್ ಹೊಳೆ ನಮ್ಮೂರಿನ ಹತ್ತಿರ ಮೊಣಕೈ ಮಡಿಸಿದ ಹಾಗೆ ತಿರುಗುತ್ತದೆ. ಜೂನ್ ಕೊನೆಗೆ ಬೆಟ್ಟದ ಹಿಮ ಕರಗಿ ನೀರು ಏರಿದಾಗ ಆ ತಿರುವಿನಲ್ಲೇ ದಂಡೆಯನ್ನು ಕಚ್ಚುತ್ತದೆ. ಕಚ್ಚುವ ಕಡೆ ಮುಕ್ಕಾಲಿ ನಿಲ್ಲಿಸಬೇಕು. ಸೆಪೊಯಾ ಅನ್ನುತ್ತಾರೆ. ಮೂರು ಪಾಪ್ಲರ್ ದಿಮ್ಮಿಗಳನ್ನು ತುದಿಯಲ್ಲಿ ಸೇರಿಸಿ ಕಟ್ಟಿ, ನಡುವೆ ಅಟ್ಟ ಹಾಕಿ, ಅಟ್ಟದ ಮೇಲೆ ಕಲ್ಲು ಹೇರಿ ನೀರಿಗೆ ಇಳಿಸುವುದು. ಅಂಥವು ಮೂವತ್ತು ನಲವತ್ತು ಸಾಲಾಗಿ ನಿಂತು, ಅವುಗಳ ಮುಂದೆ ನೀರಂಜಿ ಕೊಂಬೆ, ಹುಲ್ಲು, ಕಲ್ಲು ತುಂಬಿದರೆ ಹೊಳೆ ಮುಖ ತಿರುಗಿಸಿಕೊಂಡು ಹೋಗುತ್ತದೆ. ಇಲ್ಲದಿದ್ದರೆ ಮೊದಲು ಜರ್ದಾಳು ತೋಟ, ಆಮೇಲೆ ಕೆಳಗೇರಿಯ ಮನೆಗಳು.

ಈ ಕೆಲಸವನ್ನು ಅವರಿಗೆ ಕಲಿಸಿದವರು ಯೋದ್ಗೊರ್ ಉಸ್ತೊ. ಹದಿನಾರನೆಯ ವಯಸ್ಸಿಗೆ ಅವರ ಹತ್ತಿರ ಸೇರಿದ ಹಕ್‌ನಜರ್ ಇಪ್ಪತ್ತೆರಡು ವರ್ಷ ಅವರ ಹಿಂದೆ ಕಲ್ಲು ಹೊತ್ತರು. ಗಂಟು ಸಡಿಲವಾದರೆ ಬೆರಳ ಗೆಣ್ಣಿನ ಮೇಲೆ ಹಸಿ ಬರಲಿನ ಏಟು. ಅದೇ ದಂಡೆಯ ಮೇಲೆ ಗುರುವಿನ ಒಬ್ಬಳೇ ಮಗಳು ಸಬೊಹತ್ ಕೂತು ಕಡ್ಡಿಗಳಲ್ಲಿ ಪುಟ್ಟ ಪುಟ್ಟ ಮುಕ್ಕಾಲಿ ಕಟ್ಟಿ ಆಡುತ್ತಿದ್ದಳು. ಅವಳ ಗಂಟು ಬಿಚ್ಚಿಕೊಂಡರೆ ಅಪ್ಪ ನಕ್ಕು ಜೇಬಿನಿಂದ ಒಣದ್ರಾಕ್ಷಿ ತೆಗೆದು ಕೊಡುತ್ತಿದ್ದರು.

"ನನಗೆ ಒಂದು ದಿನ, ಒಂದೇ ಒಂದು ಕಾಳು ಕೊಟ್ಟಿದ್ರೆ ಹೇಳಿ," ಎಂದು ಹಕ್‌ನಜರ್ ಉಸ್ತೊ ತಮ್ಮ ಅರವತ್ತೈದನೆಯ ವಯಸ್ಸಿನಲ್ಲೂ ಅನ್ನುತ್ತಿದ್ದರು. ಕೇಳಿದವರು ನಗುತ್ತಿದ್ದರು. ಅವರು ನಗುತ್ತಿರಲಿಲ್ಲ.

ಆದರೆ ಒಣದ್ರಾಕ್ಷಿಗಿಂತ ದೊಡ್ಡದೊಂದನ್ನು ಗುರು ಅವರಿಗೆ ಕೊಟ್ಟಿದ್ದರು. ಕಾಯಿಲೆ ಬಿದ್ದ ವರ್ಷ ಯೋದ್ಗೊರ್ ಉಸ್ತೊ ಇವರನ್ನು ದಂಡೆಗೆ ಕರೆದುಕೊಂಡು ಹೋಗಿ, ಮೂರು ಹಿಪ್ಪುನೇರಳೆ ಮರಗಳ ಎದುರು ನಿಲ್ಲಿಸಿ ಹೇಳಿದರಂತೆ. "ಇಲ್ಲಿ ದಂಡೆಯೊಳಗೆ ಹಳೇ ಕಾಲುವೆ ಹೂತುಹೋಗಿದೆ. ಮೇಲೆ ಗಟ್ಟಿ, ಕೆಳಗೆ ಬರೀ ಹೂಳು. ದೊಡ್ಡ ನೀರು ಬಂದ್ರೆ ಅಡಿಯಿಂದಲೇ ಕುಸಿಯುತ್ತೆ. ಇಲ್ಲಿ ಯಾವತ್ತೂ ಜೋಡಿ ಸಾಲು ನಿಲ್ಲಿಸು, ಕಾಲು ಉದ್ದ ಇರಲಿ. ನಿನಗೊಬ್ಬನಿಗೇ ಹೇಳ್ತಿದ್ದೀನಿ." ಇದನ್ನು ಉಸ್ತೊ ತಾವೇ ನನಗೆ ಹೇಳಿದ್ದು, ಎಲ್ಲ ಮುಗಿದ ಮೇಲೆ. ಹೇಳುವಾಗ ಆ ಕೊನೆಯ ಮಾತನ್ನು ಎರಡು ಸಲ ಹೇಳಿದರು.

ಅಂದಿನಿಂದ ಮರಗಳ ಎದುರು ಅವರು ಜೋಡಿ ಸಾಲು ಹಾಕುತ್ತ ಬಂದರು. ಯಾಕೆ ಎಂದು ಯಾರಾದರೂ ಕೇಳಿದರೆ "ಅಭ್ಯಾಸ" ಅನ್ನುತ್ತಿದ್ದರು. ಅವರ ಜೊತೆ ಕಟ್ಟಿದ ಗಂಡಸರೆಲ್ಲ ಆಮೇಲಾಮೇಲೆ ರಷ್ಯಾಕ್ಕೆ ಹೋಗಿ ಬೇರೆಯವರ ಮನೆ ಕಟ್ಟತೊಡಗಿದರು. ನನ್ನ ಗಂಡನೂ ಹೋದ. ಊರಲ್ಲಿ ಹೆಂಗಸರು, ಮಕ್ಕಳು, ಮುದುಕರು ಉಳಿದೆವು.

ಸಬೊಹತ್ ಮೇಲಿನ ಕಣಿವೆಯ ಊರಿಗೆ ಮದುವೆಯಾಗಿ ಹೋಗಿದ್ದವಳು ಹದಿನೆಂಟು ವರ್ಷಕ್ಕೆ ವಾಪಸ್ ಬಂದಳು. ಗಂಡ ರಷ್ಯಾದಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಅಪ್ಪ ಸತ್ತು ಬಹಳ ಕಾಲವಾಗಿತ್ತು. ಅವಳು ಬಾಗಿಲು ತೆಗೆದು, ಸೂರಿಗೆ ಮಣ್ಣು ಮೆತ್ತಿ, ಒಂದು ಹಸು ಕಟ್ಟಿಕೊಂಡು ಒಬ್ಬಳೇ ಇದ್ದಳು. ಎತ್ತರದ ಹೆಂಗಸು. ಮಾತು ಕಡಿಮೆ.

ಅದೇ ವರ್ಷ ಉಸ್ತೊಗೆ ಅಂಡವಾಯು ಕಾಣಿಸಿಕೊಂಡಿತು, ಅವರು ಪಂಜಕೆಂಟ್ ಪೇಟೆಯ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಸಿಕೊಂಡು ಮಲಗಿದ್ದರು. ಅವರಿಲ್ಲದಾಗ ಹೊಳೆ ಏರಿತು. ತುಂಬ ಅಲ್ಲ. ಆದರೆ ಸಾಲಿನ ಮೇಲುತುದಿಯಲ್ಲಿ ನಾಲ್ಕು ಮುಕ್ಕಾಲಿ ಕಿತ್ತುಕೊಂಡು ಹೋದವು. ನಾವೆಲ್ಲ ಬಾಯಿ ಬಡಿದುಕೊಳ್ಳುತ್ತ ನಿಂತಿದ್ದಾಗ ಸಬೊಹತ್ ಲಂಗ ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಳು. "ಅಳೋದು ಆಮೇಲೆ. ದಿಮ್ಮಿ ತನ್ನಿ," ಅಂದಳು. ಅರ್ಧ ದಿನದಲ್ಲಿ ಕಿತ್ತುಹೋದ ಜಾಗ ಮುಚ್ಚಿತು.

ಉಸ್ತೊ ಆಸ್ಪತ್ರೆಯಿಂದ ಬಂದ ದಿನ ಅವರನ್ನು ನೋಡಲು ಬಂದವರೆಲ್ಲ ಹೊಲಿಗೆಯ ಬಗ್ಗೆ ಒಂದು ಮಾತು ಕೇಳಿ, ಸಬೊಹತ್ ಬಗ್ಗೆ ಹತ್ತು ಮಾತು ಆಡಿದರು. ನಾನು ಚಹಾ ಬಗ್ಗಿಸುತ್ತಿದ್ದೆ. ಒಬ್ಬ ಮುದುಕಿ, "ಅಪ್ಪನ ಕೈ ಮಗಳಿಗೇ ಬಂದಿದೆ ನೋಡಿ," ಅಂದಾಗ ಉಸ್ತೊ ಬಟ್ಟಲು ಕೆಳಗಿಟ್ಟರು.

"ಕೈ ಎಲ್ಲರಿಗೂ ಇರುತ್ತೆ," ಅಂದರು. "ಹತ್ತು ಬೆರಳಿದ್ದೋರೆಲ್ಲ ಉಸ್ತೊ ಆಗಲ್ಲ."

ಮಾರನೆಯ ದಿನವೇ ಕೋಲೂರಿಕೊಂಡು ಹೋಗಿ ಅವಳ ನಾಲ್ಕು ಮುಕ್ಕಾಲಿಗಳನ್ನು ನೋಡಿ ಬಂದರು. ತಪ್ಪು ಹುಡುಕಲು ಹೋಗಿದ್ದರು. ಸಿಗಲಿಲ್ಲ ಅಂತ ಅವರ ನಡಿಗೆ ನೋಡಿಯೇ ನನಗೆ ಗೊತ್ತಾಯಿತು.

ಆ ಚಳಿಗಾಲದಲ್ಲಿ ಬೆಟ್ಟಕ್ಕೆ ಹಿಂದೆಂದೂ ಕಾಣದಷ್ಟು ಹಿಮ ಬಿತ್ತು. ಬೇಸಿಗೆಗೆ ದೊಡ್ಡ ನೀರು ಖಂಡಿತ. ಮಂಜುಗಡ್ಡೆಯ ಏಟಿಗೆ ಹಳೆಯ ಸಾಲು ಅಲ್ಲಲ್ಲಿ ಮುರಿದಿತ್ತು. ಹಿಪ್ಪುನೇರಳೆ ಮರಗಳ ಎದುರಿನ ಜೋಡಿ ಸಾಲಂತೂ ಗುರುತಿಲ್ಲದ ಹಾಗೆ ಕೊಚ್ಚಿಹೋಗಿತ್ತು. ಮೇ ತಿಂಗಳಲ್ಲಿ ಊರ ಹಿರಿಯ ಅಬ್ದುವೊಹಿದ್ ಎಲ್ಲರನ್ನೂ ಮಸೀದಿಯ ಅಂಗಳಕ್ಕೆ ಕರೆಸಿದರು. ಮನೆಗೊಬ್ಬರಂತೆ ಬಂದು ಹಾಶರ್‌ನಲ್ಲಿ, ಅಂದರೆ ಕೂಲಿಯಿಲ್ಲದ ಊರೊಟ್ಟಿನ ಕೆಲಸದಲ್ಲಿ, ದುಡಿಯಬೇಕು ಎಂಬುದು ನಮ್ಮಲ್ಲಿ ಹೇಳಬೇಕಾದ ಮಾತಲ್ಲ. ಕೇಳಬೇಕಾದ್ದು ಒಂದೇ.

"ಈ ಸಲ ಮುಂದೆ ನಿಲ್ಲೋರು ಯಾರು?"

ಉಸ್ತೊ ಟೋಪಿ ಸರಿಮಾಡಿಕೊಂಡು ಗಂಟಲು ಸರಿಮಾಡಿಕೊಂಡರು. ಬಾಯಿ ತೆರೆಯುವ ಮೊದಲೇ ಹೆಂಗಸರ ಕಡೆಯಿಂದ ಕೂಗು ಬಂತು.

"ಸಬೊಹತ್ ಅಕ್ಕ ನಿಲ್ಲಲಿ!"

"ಹೌದು, ಹೋದ ವರ್ಷ ಅರ್ಧ ದಿನಕ್ಕೆ ಮುಚ್ಚಿದ್ರಲ್ಲ!"

"ಉಸ್ತೊಗೆ ಹೊಟ್ಟೆ ಕೊಯ್ದಿದ್ದಾರೆ, ಭಾರ ಎತ್ತೋಕಾಗಲ್ಲ, ಪಾಪ."

ಬೈದಿದ್ದರೂ ಅವರಿಗೆ ಅಷ್ಟು ನಾಟುತ್ತಿರಲಿಲ್ಲ, ಆ 'ಪಾಪ' ನಾಟಿತು. "ಆಗಲಿ," ಅಂದು ಎದ್ದು ಬಂದರು. ಗೋಡೆಯಾಚೆ ಅವರ ಹೆಂಡತಿ ಹುರ್ಮತ್, ನಾನು ಯಂಗಾ ಎಂದು ಕರೆಯುವ ನನ್ನ ಅತ್ತಿಗೆಯ ವರಸೆಯವರು, ಒಲೆ ಮುಂದೆ ಕೂತಿದ್ದರು.

"ಏನಾಯ್ತು?"

"ಹೆಂಗಸರ ರಾಜ್ಯ ಬಂತು."

"ಇನ್ನು ಗಂಡಸರು ಎಲ್ಲಿದ್ದಾರೆ? ನೀವು, ಅಬ್ದುವೊಹಿದ್, ಮತ್ತೆ ಮಸೀದಿ ಹುಂಜ."

ಇಪ್ಪತ್ತು ದಿನ ಕೆಲಸ ನಡೆಯಿತು. ನಾವು ಹೆಂಗಸರು ಸರಪಳಿಯ ಹಾಗೆ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸುತ್ತಿದ್ದೆವು. ದಿಮ್ಮಿಗಳನ್ನು ಕತ್ತೆಗಳು ಎಳೆದವು. ಸಬೊಹತ್ ಸೊಂಟಮಟ್ಟ ನೀರಿನಲ್ಲಿ ನಿಂತು ಕಟ್ಟುತ್ತಿದ್ದಳು. ಮಧ್ಯಾಹ್ನ ದೊಡ್ಡ ಕಡಾಯಿಯಲ್ಲಿ ಒಶ್, ಮಾಂಸ ಹಾಕಿದ ಅನ್ನ, ಬೇಯುತ್ತಿತ್ತು. ಹಿಂದೆಲ್ಲ ಮೂಳೆ ಸಮೇತ ದೊಡ್ಡ ಮಾಂಸದ ತುಂಡಿದ್ದ ಮೊದಲ ತಟ್ಟೆ ಹಕ್‌ನಜರ್ ಉಸ್ತೊ ಮುಂದೆ ಬರುತ್ತಿತ್ತು. ಈಗ ಅದು ಸಬೊಹತ್ ಕಡೆ ಹೋಯಿತು. ಅವಳು ತಟ್ಟೆಯನ್ನು ಹಾಗೇ ಎತ್ತಿ ಉಸ್ತೊ ಮುಂದೆ ತಂದಿಟ್ಟಳು. ಅದು ಅವರಿಗೆ ಇನ್ನೂ ಉರಿಯಿತು.

"ನನಗೆ ಹಸಿವಿಲ್ಲ," ಅಂದರು.

ಅವರು ದಿನಾ ಬಂದು ಹಿಪ್ಪುನೇರಳೆ ಮರದ ಕೆಳಗೆ ಕೂತು ನೋಡುತ್ತಿದ್ದರು. ಸಾಲು ಮೇಲಿನಿಂದ ಕೆಳಗೆ ಬರುತ್ತ ಬರುತ್ತ ಮರಗಳ ಹತ್ತಿರ ಬಂತು. ಸಬೊಹತ್ ಬೇರೆ ಕಡೆ ಹೇಗೋ ಇಲ್ಲೂ ಹಾಗೇ ಒಂದೇ ಸಾಲು ನಿಲ್ಲಿಸಿದಳು. ಉಸ್ತೊ ಇಲ್ಲಿ ಜೋಡಿ ಹಾಕುತ್ತಿದ್ದದ್ದು ಬರೀ ಅಭ್ಯಾಸ ಎಂದೇ ತಿಳಿದಿದ್ದ ನಾವು ಯಾರೂ ಅವಳಿಗೆ ಅದನ್ನು ಹೇಳಲಿಲ್ಲ. ಆಮೇಲೆ ನೀರು ಹಿಂಡುತ್ತ ಮೇಲೆ ಬಂದು ಅವರ ಮುಂದೆ ನಿಂತಳು. ನಾನು ಹತ್ತಿರವೇ ಇದ್ದೆ.

"ಉಸ್ತೊ, ನೀವು ದಿನಾ ನೋಡ್ತಿದ್ದೀರ. ಎಲ್ಲಾದ್ರೂ ತಪ್ಪಿದ್ದೀನಾ, ಹೇಳಿ."

"ನಿಮ್ಮಪ್ಪ ಹೇಳ್ಕೊಟ್ಟಿಲ್ವಾ?"

"ಅಪ್ಪ ಕಟ್ಟೋದು ನಾನು ನೋಡಿದ್ದು ಅಷ್ಟೇ. ಹೇಳ್ಕೊಟ್ಟಿದ್ದು ನಿಮಗೆ."

"ಹಂಗಾದ್ರೆ ಚೆನ್ನಾಗೇ ನೋಡಿದ್ದೀಯ ಬಿಡು," ಅಂದರು ಉಸ್ತೊ, ಬೇರೆ ಕಡೆ ಮುಖ ಮಾಡಿ.

ಹೂತ ಕಾಲುವೆಯ ಮಾತು ಅವರ ನಾಲಿಗೆಯ ತುದಿಗೆ ಬಂದಿತ್ತಂತೆ. ಹೇಳಿಬಿಟ್ಟರೆ ತನ್ನ ಹತ್ತಿರ ಇನ್ನೇನು ಉಳಿಯುತ್ತದೆ ಅನ್ನಿಸಿತಂತೆ. ಒಂದು ಸಲ ಸಾಲು ಕುಸಿಯಲಿ, ಆಗ ಊರು ತನ್ನ ಮನೆ ಬಾಗಿಲಿಗೆ ಬರುತ್ತದೆ. ಇದನ್ನೂ ಅವರೇ ಹೇಳಿದ್ದು, ಕಣ್ಣು ನೆಲಕ್ಕಿಟ್ಟು.

ಒಂದು ಬುಧವಾರ ನೀರಿನ ಬಣ್ಣ ಬದಲಾಯಿತು. ಹಸಿರು ಹೋಗಿ ಕಂದು ಬಂತು. ಮೂರು ನಾಲ್ಕು ದಿನದಲ್ಲಿ ದೊಡ್ಡ ನೀರು ಎಂದು ಎಲ್ಲರಿಗೂ ಗೊತ್ತಾಯಿತು. ಅವತ್ತು ಮಧ್ಯಾಹ್ನ ಎಲ್ಲರೂ ದಂಡೆಯಲ್ಲಿ ಊಟಕ್ಕೆ ಕೂತಿದ್ದಾಗ ನಾನು ಮಗಳನ್ನು ನೋಡಲು ಮನೆಗೆ ಬಂದೆ. ಗೋಡೆಯಾಚೆ ಉಸ್ತೊ ಕತ್ತೆಯ ಮೇಲೆ ಕೌದಿಗಳನ್ನು ಹೇರುತ್ತಿದ್ದರು. ಜಮಖಾನ ಸುತ್ತಿ ಕಟ್ಟಿದ್ದರು. ಸಂದೂಕ ಬಾಗಿಲಿಗೆ ಬಂದಿತ್ತು.

"ಎಲ್ಲಿಗೆ?" ಹುರ್ಮತ್ ಯಂಗಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಗುಡ್ಡದ ಮೇಲೆ, ನಿನ್ನ ತಮ್ಮನ ಕೊಟ್ಟಿಗೆಗೆ. ಕೌದಿಗೆ ಬಿಸಿಲು ಬೇಕು."

"ಊರಲ್ಲಿ ನಮ್ಮ ಕೌದಿಗೆ ಮಾತ್ರಾನಾ ಬಿಸಿಲು ಬೇಕಿರೋದು?"

ಅವರು ಹೇರಿನ ಹಗ್ಗ ಬಿಗಿದರು. ಯಂಗಾ ಅವರ ಮುಖವನ್ನೇ ನೋಡಿದರು. ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಗಸು.

"ನಾನು ಎಲ್ಲಿಗೂ ಬರಲ್ಲ," ಅಂದರು. "ನಿಮಗೆ ಬೇಕಾದ್ರೆ ಕೌದಿ ಜೊತೆ ನೀವು ಹೋಗಿ ಮಲ್ಕೊಳ್ಳಿ."

ನಾನು ದಂಡೆಗೆ ಹೋಗಿ ನಗಾಡುತ್ತ ಇದನ್ನು ಹೇಳಿದೆ. "ಉಸ್ತೊ ಮನೆ ಖಾಲಿ ಮಾಡ್ತಿದ್ದಾರೆ, ಗುಡ್ಡದ ಮೇಲೆ ಹೊಸ ಸಂಸಾರ ಹೂಡ್ತಾರಂತೆ!" ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಬೊಹತ್ ಮಾತ್ರ ನಗಲಿಲ್ಲ. ತಟ್ಟೆ ಕೆಳಗಿಟ್ಟು, "ಯಾವಾಗ? ಇವತ್ತಾ?" ಎಂದು ಕೇಳಿದಳು. ನಾನು ಹೌದು ಅಂದೆ. ಅದನ್ನು ಅಲ್ಲಿಗೇ ಮರೆತೆ. ಅವತ್ತು ಸಂಜೆ ಮಗಳಿಗೆ ಜ್ವರ ಏರಿತು. ಎರಡು ದಿನ ನಾನು ದಂಡೆಯ ಕಡೆ ಹೋಗಲಿಲ್ಲ. ಉಸ್ತೊ ಕೂಡ ಮೊಣಕಾಲು ನೋವೆಂದು ಗುಡ್ಡದಿಂದ ಇಳಿಯಲಿಲ್ಲ.

ಶನಿವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ನೀರು ಬಂತು. ಮೊದಲು ಸದ್ದು. ತಳದಲ್ಲಿ ಬಂಡೆಗಳು ಉರುಳುವುದು ದೂರದಲ್ಲಿ ಗಾಡಿಗಳು ಓಡಿದ ಹಾಗೆ ಕೇಳುತ್ತದೆ. ಆಮೇಲೆ ಬೇರು ಸಮೇತ ಮರಗಳು, ಯಾರದೋ ಸೇತುವೆಯ ಹಲಗೆಗಳು, ಹೊಟ್ಟೆ ಉಬ್ಬಿದ ಒಂದು ಕರು. ಊರಿಗೆ ಊರೇ ದಂಡೆಯ ಮೇಲಿತ್ತು. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ನಾನೂ ಓಡಿದೆ. ಮಣ್ಣಿನ ಚೀಲ ಹೊತ್ತು ಓಡುವವರು, ಕೊಂಬೆ ಎಳೆಯುವವರು, ಸುಮ್ಮನೆ ದೇವರನ್ನು ಕೂಗುವವರು. ಹುರ್ಮತ್ ಯಂಗಾ ಹಿಪ್ಪುನೇರಳೆ ಮರಗಳ ಕೆಳಗೆ ಚೀಲಗಳ ಬಾಯಿ ಕಟ್ಟುತ್ತ ಕೂತಿದ್ದರು.

ಗುಡ್ಡದ ಮೇಲಿಂದ ಉಸ್ತೊ ನೋಡುತ್ತಿದ್ದರು. ಕಾಯುತ್ತಿದ್ದರು ಅನ್ನಬೇಕು. ಮೂರು ಮರಗಳ ಎದುರಿನ ಸಾಲು ಮಾತ್ರ ಮರಗಳ ಮರೆಗೆ ಅಲ್ಲಿಂದ ಕಾಣುತ್ತಿರಲಿಲ್ಲ. ನೀರು ಮುಕ್ಕಾಲಿಗಳ ಅಟ್ಟ ಮುಟ್ಟಿದಾಗ ಅವರ ಕಣ್ಣು ಮೂರು ಮರಗಳ ಕಡೆ ಹೋಯಿತು. ಅಲ್ಲಿ ತಲೆಗೆ ಕೆಂಪು ವಸ್ತ್ರ ಕಟ್ಟಿದ ಒಬ್ಬ ಹೆಂಗಸು. ಆ ವಸ್ತ್ರವನ್ನು ಪಂಜಕೆಂಟ್ ಬಜಾರಿನಿಂದ ತಂದುಕೊಟ್ಟವರು ಅವರೇ.

ಕೋಲು ಬಿಟ್ಟು ಅವರು ಓಡಿ ಇಳಿದದ್ದನ್ನು ನಾನು ನೋಡಿದೆ. ಬಿದ್ದರು, ಎದ್ದರು, ಮತ್ತೆ ಬಿದ್ದರು. "ಏಳ್ರೇ ಅಲ್ಲಿಂದ! ಮರದ ಹತ್ರ ನಿಲ್ಬೇಡಿ! ಅಡೀಲಿ ಕಾಲುವೆ ಇದೆ, ಕುಸಿಯುತ್ತೆ!" ಎಂದು ಕೂಗುತ್ತಿದ್ದರಂತೆ. ಹೊಳೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಹತ್ತಿರ ಬಂದು ಹೆಂಡತಿಯ ತೋಳು ಹಿಡಿದು ಎಳೆದರು. "ಏಳೇ!" ಎಂದು ಕೂಗುತ್ತ ಹೊಳೆಯ ಕಡೆ ತಿರುಗಿದವರು ಹಾಗೇ ನಿಂತುಬಿಟ್ಟರು.

ಮರಗಳ ಎದುರು ಜೋಡಿ ಸಾಲು ನಿಂತಿತ್ತು. ಹಿಂದಿನ ಸಾಲಿನ ಮುಕ್ಕಾಲಿಗಳ ಕಾಲು ಮಿಕ್ಕವಕ್ಕಿಂತ ಒಂದೂವರೆ ಪಟ್ಟು ಉದ್ದ. ನೀರು ಬಂದು ಬಂದು ಹೊಡೆಯಿತು. ಮುಂದಿನ ಸಾಲು ನಡುಗಿತು, ಒಂದು ವಾಲಿತು, ಹಿಂದಿನದಕ್ಕೆ ಒರಗಿಕೊಂಡು ನಿಂತಿತು. ಬಿಸಿಲು ಇಳಿಯುವ ಹೊತ್ತಿಗೆ ಹೊಳೆ ಒಂದು ಗೇಣು ಕಡಿಮೆಯಾಯಿತು. ಯಾರೋ ಒಬ್ಬಳು ಅಳತೊಡಗಿದಳು, ಆಮೇಲೆ ನಗತೊಡಗಿದಳು, ನಾವೆಲ್ಲ ಕೆಸರಲ್ಲೇ ಕೂತುಬಿಟ್ಟೆವು.

ಉಸ್ತೊ ಕೂರಲಿಲ್ಲ. ನೇರ ಸಬೊಹತ್ ಹತ್ತಿರ ಹೋದರು. ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ನಿನಗೆ ಯಾರು ಹೇಳಿದ್ದು?"

"ಏನನ್ನ?"

"ಕಾಲುವೆ. ನಿಮ್ಮಪ್ಪ ನಿನಗೂ ಹೇಳಿದ್ರಾ? ನಿಜ ಹೇಳು. ನಿನಗೂ ಹೇಳಿದ್ರು, ಅಲ್ವಾ?"

ಊರು ಉಳಿದದ್ದು ಆ ಮನುಷ್ಯನಿಗೆ ಕಾಣುತ್ತಿರಲಿಲ್ಲ. ಗುರು ತನಗೊಬ್ಬನಿಗೇ ಕೊಟ್ಟದ್ದು ಎಂದು ಸುಮಾರು ಮೂವತ್ತು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಇವಳಿಗೂ ಕೊಟ್ಟಿದ್ದರೇ ಎಂಬುದೊಂದೇ ಚಿಂತೆ.

ಸಬೊಹತ್ ಮುಖದ ಕೆಸರು ಒರೆಸಿಕೊಂಡಳು. "ಅಪ್ಪ ನನಗೆ ಏನೂ ಹೇಳಿಲ್ಲ, ಉಸ್ತೊ. ನೀವೇ ಹೇಳಿದ್ದು."

"ನಾನಾ?"

"ನೀವು ಕೌದಿ ಸಾಗಿಸ್ತಿದ್ದೀರಿ ಅಂದ್ರು. ಈ ಹೊಳೆಗೆ ಯಾವತ್ತೂ ಹೆದರದೇ ಇರೋರು ನೀವು. ಸಾಲಲ್ಲಿ ನನಗೆ ಕಾಣದೇ ಇರೋದು ಏನೋ ಇದೆ, ನಿಮಗೆ ಕಂಡಿದೆ ಅಂತ ಗೊತ್ತಾಯ್ತು. ಎಲ್ಲಿ ಅಂತ ಗೊತ್ತಾಗ್ಲಿಲ್ಲ. ಕಬ್ಬಿಣದ ಸರಳು ತಗೊಂಡು ಮೇಲಿಂದ ಕೆಳಗಿನ ತನಕ ಹೆಜ್ಜೆಗೊಂದು ಕಡೆ ಚುಚ್ಚಿದ್ವಿ. ಇಲ್ಲಿ ಬಂದಾಗ ಬೆಣ್ಣೆಗೆ ಚುಚ್ಚಿದಂಗೆ ಒಳಗೆ ಹೋಯ್ತು."

ಆಗ ಉಸ್ತೊ ಮುಖದಲ್ಲಿ ಆದದ್ದನ್ನು ನಾನು ಕಣ್ಣಾರೆ ನೋಡಿದೆ. ನಾಚಿಕೆ ಬರಬೇಕಿತ್ತು, ಆಮೇಲೆ ಬಂತು. ಮೊದಲು ಬಂದದ್ದು ಸಂತೋಷ. ಮಗುವಿನ ಮುಖದ ಹಾಗೆ ಅರಳಿತು. "ಹಂಗಾದ್ರೆ ನಿನಗೆ ಹೇಳಿರ್ಲಿಲ್ಲ," ಅಂದರು. "ನನಗೊಬ್ಬನಿಗೇ ಹೇಳಿದ್ದು."

ಅಬ್ದುವೊಹಿದ್ ನಿಧಾನವಾಗಿ ಕೇಳಿದರು. "ಗೊತ್ತಿತ್ತಾ ನಿಮಗೆ, ಉಸ್ತೊ? ಇಲ್ಲೇ ಇಪ್ಪತ್ತು ದಿನ ಕೂತಿದ್ರಲ್ಲ, ಗೊತ್ತಿದ್ದೂ ಸುಮ್ನೆ ಕೂತಿದ್ರಾ?"

ಆ ಸಂತೋಷ ಅವರ ಮುಖದಿಂದ ಇಳಿದುಹೋಯಿತು. ಅವರು ಹೌದೆಂದು ತಲೆಯಾಡಿಸಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹುರ್ಮತ್ ಯಂಗಾ ಮಾತ್ರ ಎದ್ದು ಬಂದರು.

"ನಡೀರಿ. ನಮ್ಮ ಕೌದಿ ತರಬೇಕು."

"ನಾಳೆ ಕತ್ತೆ ಮೇಲೆ..."

"ಕತ್ತೆ ಕಲ್ಲು ಹೊತ್ತು ಸುಸ್ತಾಗಿದೆ. ನೀವು ಸುಸ್ತಾಗಿಲ್ಲ."

ಅವತ್ತು ಸಂಜೆ ಬೆಳಕಿರುವಾಗಲೇ, ಇಡೀ ಊರು ದಂಡೆಯಿಂದ ಮನೆಗೆ ಹೋಗುವ ಹೊತ್ತಿನಲ್ಲಿ, ಹಕ್‌ನಜರ್ ಉಸ್ತೊ ಒಂದೊಂದೇ ಕೌದಿಯನ್ನು ಹೆಗಲ ಮೇಲೆ ಹೊತ್ತು ಊರ ನಡುವಿನ ದಾರಿಯಲ್ಲೇ ಇಳಿಸಿದರು. ಒಂಬತ್ತು ಸಲ ಹತ್ತಿದರು, ಒಂಬತ್ತು ಸಲ ಇಳಿದರು. ಯಂಗಾ ಸಹಾಯಕ್ಕೆ ಹೋಗಲಿಲ್ಲ, ಬಾಗಿಲಲ್ಲಿ ನಿಂತು ನೋಡಿದರು. ಕೊನೆಗೆ ಸಂದೂಕ ತರಲಾರದೆ ದಾರಿಯಲ್ಲಿ ಕೂತಾಗ ಅದರ ಇನ್ನೊಂದು ತುದಿ ಹಿಡಿದವಳು ಸಬೊಹತ್. ಇಬ್ಬರೂ ಸೇರಿ ಅದನ್ನು ಮನೆ ಮುಟ್ಟಿಸಿದರು.

ಬೇಸಿಗೆಯಿಡೀ ಅವರು ಮಸೀದಿಗೆ ಬಿಟ್ಟರೆ ಹೊರಗೆ ಬರಲಿಲ್ಲ. ಅಲ್ಲೂ ಹಿಂದಿನ ಸಾಲಿನಲ್ಲಿ ನಿಂತು ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಿದ್ದರು. ಮಕ್ಕಳು "ಕೌದಿ ಉಸ್ತೊ" ಎಂದು ಕರೆಯಲು ಕಲಿತಿದ್ದವು.

ಎಲೆ ಉದುರುವ ಕಾಲಕ್ಕೆ ಸಬೊಹತ್ ಮುಂದಿನ ವರ್ಷಕ್ಕೆಂದು ನೀರಂಜಿ ಬರಲು ಕಡಿಯತೊಡಗಿದಳು. ಗೋಡೆಯ ಮೇಲಿಂದ ಅದನ್ನು ನೋಡಿದ ಉಸ್ತೊ ಚಡಪಡಿಸಿದರು. ಎರಡು ದಿನ ತಡೆದುಕೊಂಡರು. ಮೂರನೆಯ ದಿನ ಹೋಗಿ ಅವಳ ಮುಂದೆ ನಿಂತರು. ನಾನು ಅಲ್ಲೇ ಕಂತೆ ಕಟ್ಟುತ್ತಿದ್ದೆ.

"ಈಗ ಕಡೀಬಾರದು. ರಸ ಪೂರ್ತಿ ಇಳಿಯಲಿ, ಮೊದಲ ಹಿಮ ಬಿದ್ದ ಮೇಲೆ ಕಡಿ. ಇಲ್ದಿದ್ರೆ ಗಂಟು ಒಣಗಿ ಬಿರಿಯುತ್ತೆ."

"ಸರಿ, ಉಸ್ತೊ," ಅಂದಳು ಅವಳು. ಕುಡುಗೋಲು ಕೆಳಗಿಟ್ಟು ಕೇಳಿದಳು. "ಈಗ ಯಾಕೆ ಹೇಳಿದ್ರಿ?"

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನೀನು ಹೆಂಗೂ ಕಂಡುಹಿಡೀತೀಯ. ನೀನೇ ಕಂಡುಹಿಡಿದ್ರೆ ಅದು ನಿನ್ನದಾಗುತ್ತೆ. ನಾನು ಹೇಳಿದ್ರೆ ನನ್ನದಾಗಿ ಉಳಿಯುತ್ತೆ. ಅದಕ್ಕೆ."

ಸಬೊಹತ್ ಮೊದಲ ಸಲ ಅವರೆದುರು ನಕ್ಕಳು. "ಹಂಗಾದ್ರೆ ಇನ್ನೂ ಏನೇನು ನಿಮ್ಮದಿದೆ, ಎಲ್ಲಾ ಹೇಳಿಬಿಡಿ."

ಎಲ್ಲ ಒಟ್ಟಿಗೆ ಹೇಳಲಿಲ್ಲ. ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಒಂದೊಂದಾಗಿ, ಒಂದೊಂದು ತಿಂಗಳಿಗೆ. ಯಾವ ತಿರುವಿನಲ್ಲಿ ಕಾಲು ಎಷ್ಟು ಅಗಲ, ನೀರಿನ ನೊರೆ ನೋಡಿ ತಳದ ಆಳ ತಿಳಿಯುವುದು ಹೇಗೆ. ಹೇಳಿದ ಮೇಲೆ ಒಂದು ವಾರ ಮುಖ ಗಂಟಿಕ್ಕಿಕೊಂಡಿರುತ್ತಿದ್ದರು. ಮುಂದಿನ ಹಾಶರ್‌ಗೆ ಬಂದರು. ಅಬ್ದುವೊಹಿದ್ ಬಹಳ ಹೊತ್ತು ಅವರ ಮುಖ ನೋಡಿ, ಕೊನೆಗೆ ಚಾಪೆಯ ಮೇಲೆ ಸರಿದು ಜಾಗ ಕೊಟ್ಟರು.

ಎರಡನೆಯ ವರ್ಷ ಸಬೊಹತ್ ಹೊಸದೊಂದು ಮಾಡಿದಳು. ಹೆದ್ದಾರಿಯ ಪಕ್ಕ ಬಿದ್ದಿದ್ದ ಲಾರಿಯ ಹಳೇ ಟೈರುಗಳನ್ನು ತರಿಸಿ, ಒಂದಕ್ಕೊಂದು ತಂತಿಯಲ್ಲಿ ಬಿಗಿದು, ಕಲ್ಲು ತುಂಬಿ ಮುಕ್ಕಾಲಿಗಳ ಬುಡಕ್ಕೆ ಇಳಿಸಿದಳು. ಇದನ್ನು ಅವಳಿಗೆ ಅಪ್ಪನೂ ಹೇಳಿರಲಿಲ್ಲ, ಉಸ್ತೊ ಕೂಡ ಹೇಳಿರಲಿಲ್ಲ. ಮೂರು ದಿನ ಉಸ್ತೊ ಅವಳ ಜೊತೆ ಮಾತು ಬಿಟ್ಟರು. ಊಟಕ್ಕೆ ಕರೆದರೆ ಹೊಟ್ಟೆ ಸರಿಯಿಲ್ಲ ಅಂದರು. ನಾಲ್ಕನೆಯ ದಿನ ದಂಡೆಗೆ ಬಂದು ಟೈರೊಂದನ್ನು ಕಾಲಿನಿಂದ ಒದ್ದು ನೋಡಿದರು.

"ಕಲ್ಲಿನ ಮುಂಚೆ ಒಳಗೆ ಹುಲ್ಲು ಹಾಕಿದ್ಯಾ?"

"ಇಲ್ಲ."

"ಹಾಕಬೇಕು. ಇಲ್ದಿದ್ರೆ ನೀರು ಕಲ್ಲನ್ನ ಅಲ್ಲಾಡಿಸಿ ಅಲ್ಲಾಡಿಸಿ ಹೊರಗೆ ತಗೊಂಡು ಹೋಗುತ್ತೆ."

ಸಬೊಹತ್ ಒಂದು ಗಳಿಗೆ ಟೈರನ್ನು ನೋಡಿದಳು, ಅವರನ್ನು ನೋಡಿದಳು. ಆಮೇಲೆ ನಮ್ಮ ಕಡೆ ತಿರುಗಿ ಹುಲ್ಲು ತರಲು ಹೇಳಿದಳು. ತುಂಬಿದ್ದನ್ನೆಲ್ಲ ಮತ್ತೆ ಖಾಲಿ ಮಾಡಿ, ಹುಲ್ಲು ಹಾಸಿ, ಮತ್ತೆ ತುಂಬಿದೆವು. ಒಂದಿಡೀ ದಿನ ಹಿಡಿಯಿತು, ನಮ್ಮ ಕೈಯೆಲ್ಲ ಕಿತ್ತುಹೋಯಿತು. ಉಸ್ತೊ ಮಧ್ಯಾಹ್ನ ಎರಡು ತಟ್ಟೆ ಒಶ್ ತಿಂದರು.

ಅವತ್ತು ಮನೆಗೆ ಹೋಗಿ ಬೂಟು ಬಿಚ್ಚುತ್ತ ಹೆಂಡತಿಗೆ ಹೇಳಿದರಂತೆ. "ಹುಲ್ಲು ಹಾಕದೇ ಇದ್ರೂ ಆ ಟೈರು ನಿಲ್ತಿತ್ತು ಕಣೇ."

"ಮತ್ತೆ ಯಾಕೆ ಹಾಕ್ಸಿದ್ರಿ?"

"ಸುಮ್ನೆ 'ಚೆನ್ನಾಗಿದೆ' ಅಂತ ಹೆಂಗೆ ಹೇಳ್ಲಿ?" ಅಂದರಂತೆ ಉಸ್ತೊ. ಯಂಗಾ ಇದನ್ನು ಗೋಡೆಯ ಮೇಲಿಂದ ನನಗೆ ಹೇಳುವಾಗ ನಾನು ಇನ್ನೂ ಅಂಗೈಗೆ ಎಣ್ಣೆ ಹಚ್ಚುತ್ತಿದ್ದೆ.